ಬಚ್ಚಲಲ್ಲಿ ಉಸಿರುಕಟ್ಟಿದ ಬೆಂಕಿ

ಚಳಿಗಾಲ ಬಂತೆಂದರೆ ನಮ್ಮ ಪತ್ರಿಕೆಗಳ ಒಳಪುಟಗಳಲ್ಲಿ ಒಂದು ಸುದ್ದಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಮನೆಯವರು ಕೂಗಿದರು, ಬಾಗಿಲು ಬಡಿದರು, ಕೊನೆಗೆ ಒಡೆದರು. ಒಳಗೆ ನಲ್ಲಿ ಹರಿಯುತ್ತಿತ್ತು, ಗೀಸರ್ ಉರಿಯುತ್ತಿತ್ತು, ಸ್ನಾನಕ್ಕೆ ಹೋದವರು ನೆಲದ ಮೇಲೆ ಬಿದ್ದಿದ್ದರು. ಒಮ್ಮೆ ತಾಯಿ ಮತ್ತು ಮಗು, ಇನ್ನೊಮ್ಮೆ ಹೊಸದಾಗಿ ಸಂಸಾರ ಹೂಡಿದ ಜೋಡಿ, ಮತ್ತೊಮ್ಮೆ ಅಕ್ಕ-ತಂಗಿಯರು. ತಲೆಬರಹ ಮಾತ್ರ ಹೆಚ್ಚುಕಡಿಮೆ ಒಂದೇ: ಗ್ಯಾಸ್ ಗೀಸರ್‌ನಿಂದ ಅನಿಲ ಸೋರಿಕೆ, ಸಾವು.

ಆ ‘ಸೋರಿಕೆ’ ಎಂಬ ಪದದ ಮೇಲೆ ನನ್ನ ತಕರಾರಿದೆ. ಇದು ಭಾಷೆಯ ಶುದ್ಧಿಗಾಗಿ ಎತ್ತಿದ ತಕರಾರಲ್ಲ. ಆ ಪದವನ್ನು ನಂಬಿ ಜನ ಸಾಯುತ್ತಿದ್ದಾರೆ ಎಂಬ ಕಾರಣಕ್ಕೆ ಎತ್ತಿದ್ದು.

ಗ್ಯಾಸ್ ಸೋರಿದರೆ ಏನು ಮಾಡಬೇಕೆಂಬುದು ಇವತ್ತು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಕೊಳೆತ ಮೊಟ್ಟೆಯಂಥ, ಹಾಳಾದ ಈರುಳ್ಳಿಯಂಥ ವಾಸನೆ ಬಂದ ಕೂಡಲೇ ರೆಗ್ಯುಲೇಟರ್ ಬಂದ್ ಮಾಡಬೇಕು, ಸ್ವಿಚ್ ಮುಟ್ಟಬಾರದು, ಕಿಟಕಿ ಬಾಗಿಲು ತೆಗೆಯಬೇಕು. ಸಿಲಿಂಡರ್ ಮನೆಮನೆಗೆ ಬಂದ ಮೇಲೆ ನಾವು ಚೆನ್ನಾಗಿ ಕಲಿತ ಪಾಠ ಇದು. ಅದಕ್ಕೇ ‘ಗೀಸರ್ ಸೋರಿ ಸತ್ತರು’ ಎಂದು ಓದಿದವರು ತಮ್ಮ ಮನೆಯ ಗೀಸರಿನ ಬಳಿ ಹೋಗಿ ಮೂಸಿ ನೋಡುತ್ತಾರೆ. ವಾಸನೆ ಇಲ್ಲ. ಪೈಪಿಗೆ ಸೋಪಿನ ನೀರು ಸವರಿ ನೋಡುತ್ತಾರೆ. ಗುಳ್ಳೆ ಏಳುವುದಿಲ್ಲ. ನಮ್ಮದರಲ್ಲಿ ಏನೂ ತೊಂದರೆ ಇಲ್ಲ ಎಂದು ನಿಶ್ಚಿಂತೆಯಿಂದ ಮಗುವನ್ನು ಸ್ನಾನಕ್ಕೆ ಕರೆದೊಯ್ಯುತ್ತಾರೆ. ಆ ಸಾವುಗಳಲ್ಲಿ ಹೆಚ್ಚಿನವು ನಡೆದದ್ದು ಒಂದು ಹನಿಯೂ ಸೋರದ ಗೀಸರಿನ ಕೆಳಗೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಅಡುಗೆ ಅನಿಲಕ್ಕೆ ಹುಟ್ಟಿನಿಂದ ಹೇಳಿಕೊಳ್ಳುವಂಥ ವಾಸನೆ ಇಲ್ಲ. ನಮಗೆ ಬರುವ ಆ ಕೆಟ್ಟ ವಾಸನೆ ಈಥೈಲ್ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ್ದು. ಸೋರಿದರೆ ತಿಳಿಯಲಿ ಎಂದೇ ಬೆರೆಸಿದ್ದು. 1937ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ಅನಿಲ ಯಾರಿಗೂ ತಿಳಿಯದಂತೆ ತುಂಬಿಕೊಂಡು ಸ್ಫೋಟಿಸಿ, ಮುನ್ನೂರರ ಹತ್ತಿರ ಜನ, ಅದರಲ್ಲೂ ಹೆಚ್ಚಾಗಿ ಮಕ್ಕಳು ಸತ್ತರು. ಅನಿಲಕ್ಕೆ ವಾಸನೆ ಬೆರೆಸಲೇಬೇಕೆಂಬ ನಿಯಮಗಳು ಬಿಗಿಯಾದದ್ದು ಆ ದುರಂತದ ನಂತರ. ಆದರೆ ಆ ಮರ್ಕ್ಯಾಪ್ಟನ್ ಅನಿಲದ ಜೊತೆ ತಾನೂ ಸುಟ್ಟುಹೋಗುತ್ತದೆ. ಉರಿದ ಮೇಲೆ ಹುಟ್ಟುವ ವಿಷಕ್ಕೆ ಅದು ಕಾವಲಾಗಲಾರದು.

ಆ ವಿಷ ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಸಿಲಿಂಡರಿನೊಳಗೆ ಅದು ಇರುವುದೇ ಇಲ್ಲ. ಅಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್. ಇವು ಬೇಕಾದಷ್ಟು ಗಾಳಿಯಲ್ಲಿ ಉರಿದರೆ ನೀರಿನ ಆವಿ ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತವೆ. ಗಾಳಿ ಸಾಲದೆ ಬಂದರೆ ಬೆಂಕಿ ಅರೆಬರೆ ಉರಿಯುತ್ತದೆ, ಆಗ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್. ಮೊದಲು ಉಸಿರುಕಟ್ಟುವುದು ಬೆಂಕಿಗೆ, ಆಮೇಲೆ ಮನುಷ್ಯನಿಗೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಒಂದು ಕಿಲೋ ಅಡುಗೆ ಅನಿಲ ಪೂರ್ತಿ ಉರಿಯಲು ಕನಿಷ್ಠ 12 ಘನ ಮೀಟರ್ ಗಾಳಿ ಬೇಕು. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಸಾಮಾನ್ಯ ಗೀಸರ್ ಪೂರ್ಣವಾಗಿ ಉರಿದರೆ ಗಂಟೆಗೆ ಸುಮಾರು ಒಂದು ಕಿಲೋ ಅನಿಲ ತಿನ್ನುತ್ತದೆ. ಅಡುಗೆ ಒಲೆಯ ದೊಡ್ಡ ಬರ್ನರ್ ನಾಲ್ಕೈದನ್ನು ಒಟ್ಟಿಗೆ ಹಚ್ಚಿದಷ್ಟು ಬೆಂಕಿ ಅದು. ಇನ್ನು ಬಚ್ಚಲು: ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರ ಎಂದಿಟ್ಟುಕೊಳ್ಳಿ. ಅದರಲ್ಲಿ ಹಿಡಿಯುವ ಗಾಳಿ 8 ಘನ ಮೀಟರಿಗೂ ತುಸು ಕಡಿಮೆ. ಕಿಟಕಿ, ಬಾಗಿಲು ಪೂರ್ತಿ ಮುಚ್ಚಿದ್ದರೆ ಆರೇಳು ನಿಮಿಷದಲ್ಲಿ ಗಾಳಿಯ ಆಮ್ಲಜನಕ ಶೇ 21ರಿಂದ ಶೇ 18ರ ಆಸುಪಾಸಿಗೆ ಇಳಿಯುತ್ತದೆ, ಹತ್ತು ನಿಮಿಷಕ್ಕೆ ಶೇ 16ರ ಹತ್ತಿರ ಬರುತ್ತದೆ. ಬೆಂಕಿ ಕೆಡುವುದಕ್ಕೆ ಶುರುವಾಗುವುದು ಈ ಮಟ್ಟದಲ್ಲೇ. ಬಾಗಿಲ ಸಂದಿಯಿಂದ ಒಂದಿಷ್ಟು ಗಾಳಿ ಬರುವುದರಿಂದ ನಿಜದ ಬಚ್ಚಲಿನಲ್ಲಿ ಇದಕ್ಕೆ ಇನ್ನಷ್ಟು ಹೊತ್ತು ಹಿಡಿಯಬಹುದು. ಆದರೂ ತಲೆಗೆ ಸೀಗೆಪುಡಿ ಹಚ್ಚಿ ತೊಳೆದುಕೊಳ್ಳುವಷ್ಟು ಹೊತ್ತು ಸಾಕು ಎನ್ನುವುದು ಈ ಲೆಕ್ಕದಿಂದ ಗೊತ್ತಾಗುತ್ತದೆ.

ಹೀಗೆ ಹುಟ್ಟಿದ ಕಾರ್ಬನ್ ಮೊನಾಕ್ಸೈಡ್ ದೇಹದಲ್ಲಿ ಮಾಡುವ ಕೆಲಸವೂ ಅಷ್ಟೇ ಮೌನದ್ದು. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದು ಅಂಟಿಕೊಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ಅದರ ಪಾಲು ಸಾವಿರದಲ್ಲಿ ಒಂದೆರಡಿದ್ದರೂ ರಕ್ತದಲ್ಲಿ ಅದರದ್ದೇ ಕಾರುಬಾರು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 1600 ಭಾಗ ಇದ್ದರೆ ಇಪ್ಪತ್ತು ನಿಮಿಷದಲ್ಲಿ ತಲೆನೋವು, ವಾಕರಿಕೆ. ಒಂದು ಗಂಟೆಯೊಳಗೆ ಸಾವು. 6400 ಭಾಗವಾದರೆ ಒಂದೆರಡು ನಿಮಿಷದಲ್ಲಿ ತಲೆ ಸುತ್ತು, ಹತ್ತು ಹದಿನೈದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಸ್ಕಾಟ್ಲೆಂಡಿನ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಈ ಅನಿಲವನ್ನು ಅಳೆದು ತಾನೇ ಉಸಿರಾಡಿ, ತನ್ನ ರಕ್ತ ಪರೀಕ್ಷಿಸಿಕೊಳ್ಳುತ್ತ, ಏನಾಗುತ್ತದೆಂದು ಬರೆದಿಟ್ಟ. ಕಲ್ಲಿದ್ದಲ ಗಣಿಗಳ ಸ್ಫೋಟದಲ್ಲಿ ಸತ್ತ ಕಾರ್ಮಿಕರಲ್ಲಿ ಹೆಚ್ಚಿನವರನ್ನು ಕೊಂದದ್ದು ಬೆಂಕಿಯೂ ಅಲ್ಲ, ಕುಸಿದ ಬಂಡೆಯೂ ಅಲ್ಲ, ಈ ಅನಿಲ ಎಂದು 1896ರಲ್ಲಿ ತೋರಿಸಿಕೊಟ್ಟವನೂ ಅವನೇ. ಪುಟ್ಟ ಹಕ್ಕಿಯ ಉಸಿರು ವೇಗವಾದದ್ದರಿಂದ ಅದು ಮನುಷ್ಯನಿಗಿಂತ ಮೊದಲು ಕುಸಿಯುತ್ತದೆ, ಗಣಿಗೆ ಕೆನರಿ ಹಕ್ಕಿ ಒಯ್ಯಿರಿ ಎಂದು ಹೇಳಿದ. ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಆ ಹಕ್ಕಿಗಳಿದ್ದವು. ನಮ್ಮ ಬಚ್ಚಲುಗಳಲ್ಲಿ ಅಮ್ಮನ ಜೊತೆ ಸ್ನಾನಕ್ಕೆ ಹೋದ ಮಗು ಮೊದಲು ಕುಸಿಯುವುದಕ್ಕೂ ಅದೇ ಕಾರಣ ಎಂಬುದನ್ನು ಬರೆಯುವಾಗ ಕೈ ನಡುಗುತ್ತದೆ.

ಇನ್ನೊಂದು ವಿಷಯವನ್ನು ಮರೆಯಬಾರದು. ಈ ವಿಷ ಮೊದಲು ಮಂಕು ಮಾಡುವುದು ಬುದ್ಧಿಯನ್ನು, ಸೋಲಿಸುವುದು ಕಾಲನ್ನು. ತಲೆ ಭಾರವೆನಿಸಿದಾಗ ಬಿಸಿನೀರಿನ ಆವಿಗೆ ಹಾಗಾಗಿದೆ ಎಂದುಕೊಳ್ಳುತ್ತಾರೆ. ಏನೋ ಸರಿಯಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ಮೊಣಕಾಲು ನಿಲ್ಲುವುದಿಲ್ಲ. ಚಿಲಕ ಎರಡು ಅಡಿ ದೂರದಲ್ಲಿರುತ್ತದೆ. ‘ಬಾಗಿಲು ತೆಗೆದು ಹೊರಗೆ ಬರಬಹುದಿತ್ತಲ್ಲ’ ಎಂದು ಸತ್ತವರ ಬಗ್ಗೆ ಕೇಳುವವರು ಇದನ್ನು ಅರಿಯಬೇಕು.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಬಂಧುವೊಬ್ಬರಿಗಾಗಿ ಬಾಡಿಗೆ ಮನೆ ಹುಡುಕುತ್ತ ಅಲೆದಿದ್ದೆ. ಒಂದು ಮನೆಯ ಬಚ್ಚಲಲ್ಲಿ, ಬಾಗಿಲಿನ ಮೇಲ್ಭಾಗದ ಗೋಡೆಗೇ ಗ್ಯಾಸ್ ಗೀಸರ್ ತೂಗುಹಾಕಿದ್ದರು. ಮೇಲಿದ್ದ ಪುಟ್ಟ ವೆಂಟಿಲೇಟರಿನ ಗಾಜಿನ ಪಟ್ಟಿಗಳಿಗೆ, ಸೊಳ್ಳೆ ಬರುತ್ತದೆಂದು, ರಟ್ಟು ಅಂಟಿಸಿತ್ತು. ಇದು ಅಪಾಯ ಎಂದೆ. ಮನೆಯ ಮಾಲೀಕರು ಸಜ್ಜನರು. ಬೇಸರಪಟ್ಟುಕೊಳ್ಳದೆ ಹೇಳಿದರು: ‘ಹತ್ತು ವರ್ಷದಿಂದ ಇಲ್ಲೇ ಇದೆ ಸಾರ್, ನಾಲ್ಕು ಸಂಸಾರ ಇದ್ದು ಹೋಗಿದ್ದಾರೆ. ಇವತ್ತಿನವರೆಗೆ ಏನೂ ಆಗಿಲ್ಲ.’ ಆ ಮಾತಿಗೆ ಆ ಕ್ಷಣ ನನ್ನಲ್ಲಿ ಉತ್ತರವಿರಲಿಲ್ಲ. ಮನೆ ಬೇಡವೆಂದು ಬಂದೆವು. ಬೇರೆ ಯಾರೋ ಬಾಡಿಗೆಗೆ ಬಂದಿರುತ್ತಾರೆ.

ಉತ್ತರ ಇದೆ. ಹತ್ತು ವರ್ಷ ಏನೂ ಆಗದಿರುವುದಕ್ಕೂ ಹನ್ನೊಂದನೆಯ ವರ್ಷ ಆಗುವುದಕ್ಕೂ ಕಾರಣಗಳು ಬೇರೆ ಬೇರೆ. ಹೊಸ ಗೀಸರಿನ ಬರ್ನರ್ ಸ್ವಚ್ಛವಾಗಿರುತ್ತದೆ. ವರ್ಷಗಳು ಕಳೆದಂತೆ ಅದರ ಸಣ್ಣ ರಂಧ್ರಗಳಲ್ಲಿ ಧೂಳು, ಜೇಡರ ಬಲೆ, ತುಕ್ಕು ತುಂಬುತ್ತದೆ. ನೀರು ಕಾಯಿಸುವ ತಾಮ್ರದ ರೆಕ್ಕೆಗಳ ಸಂದಿಯಲ್ಲಿ ಮಸಿ ಕೂತು, ಉರಿದ ಹೊಗೆ ಮೇಲೇರಲು ದಾರಿ ಕಿರಿದಾಗುತ್ತದೆ. ನೀಲಿ ಜ್ವಾಲೆ ಹಳದಿಯಾಗುತ್ತದೆ. ಪಾತ್ರೆಯ ತಳ ಕರಿ ಹಿಡಿದರೆ ‘ಬರ್ನರ್ ತೊಳೀಬೇಕು’ ಎಂದು ಅಡುಗೆಮನೆಯಲ್ಲಿ ತಕ್ಷಣ ಹೇಳುವ ನಾವು, ಗೀಸರಿನ ಮುಚ್ಚಿದ ಡಬ್ಬಿಯೊಳಗಿನ ಜ್ವಾಲೆ ಯಾವ ಬಣ್ಣದ್ದೆಂದು ಬಗ್ಗಿ ನೋಡುವುದಿಲ್ಲ. ಇದರ ಮೇಲೆ ಒಂದು ಡಿಸೆಂಬರಿನ ಬೆಳಿಗ್ಗೆ ಚಳಿ ಹೆಚ್ಚಾಗಿ ಯಾರೋ ಕಿಟಕಿಯ ಸಂದಿಗೂ ಬಟ್ಟೆ ತುರುಕುತ್ತಾರೆ. ಊರಿನಿಂದ ನೆಂಟರು ಬಂದು ಒಬ್ಬರಾದ ಮೇಲೆ ಒಬ್ಬರು ಸ್ನಾನ ಮಾಡುತ್ತಾರೆ. ಕೊನೆಯವರ ಸರದಿ ಬರುವ ಹೊತ್ತಿಗೆ ಬಚ್ಚಲಿನ ಗಾಳಿ ಆಗಲೇ ಕೆಟ್ಟಿರುತ್ತದೆ. ಇಷ್ಟು ವರ್ಷ ಬೇರೆ ಬೇರೆ ದಿನಗಳಲ್ಲಿ ಬಂದುಹೋದ ಕಾರಣಗಳೆಲ್ಲ ಒಂದು ದಿನ ಒಟ್ಟಿಗೆ ಸೇರುತ್ತವೆ. ಅಲ್ಲಿಯವರೆಗೆ ಏನೂ ಆಗದಿದ್ದದ್ದು ಆ ಗೋಡೆಯ ಮೇಲೆ ಗೀಸರ್ ಇರಬಹುದು ಎಂಬುದಕ್ಕೆ ಪುರಾವೆಯಾಗುವುದಿಲ್ಲ.

ಇದಕ್ಕೆ ಜನ ಹೇಳುವ ಪರಿಹಾರಗಳನ್ನೂ ಕೇಳಿದ್ದೇನೆ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎನ್ನುತ್ತಾರೆ. ಫ್ಯಾನ್ ಹಾಕಿಕೊಳ್ಳುವುದು ಮನುಷ್ಯನ ನೆನಪಿಗೆ ಬಿಟ್ಟದ್ದು. ಮೇಲಾಗಿ ಎಷ್ಟೋ ಮನೆಗಳಲ್ಲಿ ಗ್ಯಾಸ್ ಗೀಸರ್ ತಂದದ್ದೇ ಕರೆಂಟ್ ಹೋದಾಗಲೂ ಬಿಸಿನೀರು ಇರಲಿ ಎಂದು. ಕರೆಂಟ್ ಹೋದಾಗ ಗೀಸರ್ ತನ್ನ ಬ್ಯಾಟರಿಯಿಂದ ಹೊತ್ತಿಕೊಳ್ಳುತ್ತದೆ, ಫ್ಯಾನ್ ನಿಂತಿರುತ್ತದೆ. ಇಪ್ಪತ್ತು ನಿಮಿಷಕ್ಕೆ ತಾನೇ ಆರುವ ಟೈಮರ್ ಇದೆ ಎನ್ನುತ್ತಾರೆ. ಮೇಲಿನ ಲೆಕ್ಕ ನೋಡಿದರೆ ಮುಚ್ಚಿದ ಬಚ್ಚಲಿಗೆ ಇಪ್ಪತ್ತು ನಿಮಿಷ ಬಹಳ ದೀರ್ಘ; ಅದೂ ನಲ್ಲಿ ಮುಚ್ಚಿ ತೆರೆದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಅಂಗಡಿಯಲ್ಲಿ ಗ್ಯಾಸ್ ಡಿಟೆಕ್ಟರ್ ಸಿಗುತ್ತದೆ, ತಂದಿದ್ದೇವೆ ಎನ್ನುವವರಿಗೆ ವಿಶೇಷವಾಗಿ ಹೇಳಬೇಕಾದ ಮಾತು: ಸೋರಿದ ಅಡುಗೆ ಅನಿಲವನ್ನು ಗುರುತಿಸುವ ಯಂತ್ರ ಕಾರ್ಬನ್ ಮೊನಾಕ್ಸೈಡ್ ಗುರುತಿಸುವುದಿಲ್ಲ. ಅವೆರಡೂ ಬೇರೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಎಂದೇ ಕೇಳಿ ಕೊಳ್ಳಬೇಕು. ಯುರೋಪಿನ ಮಾನದಂಡದ ಪ್ರಕಾರ ಅದು ಹತ್ತು ಲಕ್ಷಕ್ಕೆ 300 ಭಾಗವಾದರೆ ಮೂರು ನಿಮಿಷದೊಳಗೆ ಕೂಗಬೇಕು. ಮಲಗುವ ಕೋಣೆಯ ಹೊರಗೆ, ಉರಿಯುವ ಸಾಧನವಿರುವ ಕಡೆ ಅದು ಇರಲೇಬೇಕಾದ ವಸ್ತು. ಆದರೆ ಬಚ್ಚಲಿನ ಆವಿಯಲ್ಲಿ ನೆನೆಯುವ ಜಾಗ ಅದರದ್ದಲ್ಲ. ಅಲಾರಂ ತಂದೆವು, ಇನ್ನು ಗೀಸರ್ ಒಳಗೇ ಇರಲಿ ಎಂದರೆ ಒಪ್ಪಲಾಗದು.

ಹಳೆಯ ಬಚ್ಚಲುಮನೆಗಳನ್ನು ನೆನಪಿಸಿಕೊಳ್ಳಿ. ಮಲೆನಾಡಿನ, ಕರಾವಳಿಯ ಎಷ್ಟೋ ಮನೆಗಳಲ್ಲಿ ಬಚ್ಚಲು ಮುಖ್ಯ ಮನೆಯಿಂದ ಪ್ರತ್ಯೇಕವಾಗಿಯೇ ಇರುತ್ತಿತ್ತು. ಹಂಡೆ ಒಳಗಿದ್ದರೂ ಒಲೆಯ ಬಾಯಿ ಹೊರಗಿರುತ್ತಿದ್ದ ಮನೆಗಳು ಬಹಳ. ಸೌದೆ, ತೆಂಗಿನ ಗರಿ, ಅಡಿಕೆ ಸಿಪ್ಪೆ ಹೊರಗಿನಿಂದಲೇ ಒಡ್ಡುತ್ತಿದ್ದರು. ಮಾಡಿಗೆ ಹೆಂಚು, ಹೆಂಚಿನ ಸಂದಿಗಳಲ್ಲಿ ಬೆಳಕು, ಗೋಡೆ ಮತ್ತು ಮಾಡಿನ ನಡುವೆ ಬಿಟ್ಟ ಜಾಗ. ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಅಡುಗೆಮನೆಯ ಸೌದೆ ಹೊಗೆ ಹೆಂಗಸರ ಶ್ವಾಸಕೋಶವನ್ನು ತಿಂದುಹಾಕಿದ ಕಾಲವದು. ಸಿಲಿಂಡರ್ ಬಂದದ್ದು ಅವರ ಪಾಲಿಗೆ ದೊಡ್ಡ ಬಿಡುಗಡೆ. ಹೊಗೆಗೂ ಒಂದು ಗುಣವಿತ್ತು, ಅದು ಕಣ್ಣು ಉರಿಸಿ ಹೊರಗೆ ಓಡಿಸುತ್ತಿತ್ತು. ಗ್ಯಾಸ್ ಬಂದು ಹೊಗೆ ಕಾಣದಾದಾಗ ನಮಗೆ ಇಲ್ಲಿ ಬೆಂಕಿ ಉರಿಯುತ್ತಿದೆ ಎಂಬುದೇ ಮರೆತುಹೋಯಿತು. ಗುಂಡಿ ಒತ್ತಿದರೆ ಬಿಸಿನೀರು ಕೊಡುವ ಬಿಳಿ ಡಬ್ಬಿಯನ್ನು ವಿದ್ಯುತ್ ಗೀಸರಿನ ತಮ್ಮ ಎಂದುಕೊಂಡೆವು. ಅದರ ಒಳಗಿರುವುದು ಹಂಡೆಯ ಒಲೆಯೇ. ಆ ಒಲೆಯನ್ನು ಹೆಂಚಿನ ಮಾಡಿನಿಂದ ಕಿತ್ತು ತಂದು, ಕಾಂಕ್ರೀಟಿನ ಐದು ಅಡಿ ಗೂಡಿಗೆ ಹಾಕಿ, ಬಾಗಿಲು ಭದ್ರಪಡಿಸಿ ಕೂತೆವು.

ದೀಪಾವಳಿಯ ನೀರು ತುಂಬುವ ಹಬ್ಬದ ಮಾರನೆಯ ಬೆಳಿಗ್ಗೆ, ನರಕ ಚತುರ್ದಶಿಯ ಎಣ್ಣೆಸ್ನಾನದ ಹೊತ್ತಿಗೆ, ಮನೆಮಂದಿಯೆಲ್ಲ ಒಬ್ಬರ ಹಿಂದೆ ಒಬ್ಬರು ಬಚ್ಚಲಿಗೆ ಹೋಗುತ್ತಾರೆ. ಸೂರ್ಯ ಹುಟ್ಟುವ ಮುಂಚಿನ ಚಳಿ, ಮುಚ್ಚಿದ ಕಿಟಕಿ, ಎಣ್ಣೆ ಇಳಿಯುವವರೆಗೆ ಬಿಡದೆ ಸುರಿಯುವ ಬಿಸಿನೀರು. ಸಂಭ್ರಮದ ಆ ಬೆಳಗು ಗೀಸರ್ ಒಳಗಿರುವ ಮನೆಗಳಿಗೆ ವರ್ಷದ ಅತಿ ಅಪಾಯದ ಹೊತ್ತುಗಳಲ್ಲಿ ಒಂದು. ಬಾಣಂತಿ ಕೋಣೆಯ ಅಗ್ಗಿಷ್ಟಿಕೆಯ ವಿಷಯವೂ ಇದೇ ಜಾತಿಯದ್ದು. ಗಾಳಿ ಸೋಕಬಾರದೆಂದು ಬಾಗಿಲು, ಕಿಟಕಿ ಬಿಗಿದು, ಒಳಗೆ ಕೆಂಡ ಇಟ್ಟು ಲೋಬಾನ ಹಾಕುತ್ತಾರೆ. ಹೊಗೆ ಆರಿದ ನಿಗಿನಿಗಿ ಕೆಂಡ ನೋಡಲು ಸೌಮ್ಯ. ಕಾರ್ಬನ್ ಮೊನಾಕ್ಸೈಡ್ ಅತಿ ಹೆಚ್ಚು ಬಿಡುವುದು ಅದೇ. ಚಳಿಗೆ ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಮಲಗುವ ಕೂಲಿ ಕಾರ್ಮಿಕರನ್ನೂ ಅದು ಹೀಗೇ ಕೊಲ್ಲುತ್ತದೆ. ಗರ್ಭಿಣಿಯರ ಬಗ್ಗೆ ಒಂದು ಮಾತು: ತಾಯಿಯ ರಕ್ತದಿಂದ ಈ ವಿಷ ಹೊರಹೋದ ಮೇಲೂ ಹೊಟ್ಟೆಯೊಳಗಿನ ಮಗುವಿನ ರಕ್ತದಲ್ಲಿ ಬಹಳ ಹೊತ್ತು ಉಳಿಯುತ್ತದೆ. ತಾಯಿ ಎದ್ದು ಕೂತಳೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಬದುಕಿ ಹೊರಬಂದವರ ಕತೆಗೆ ಕರ್ನಾಟಕದಲ್ಲಿ ಒಂದು ವಿಶೇಷ ತೊಡಕಿದೆ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಅಪಸ್ಮಾರ, ವೈದ್ಯರು ಬಿಸಿನೀರ ಅಪಸ್ಮಾರ ಎಂದು ಕರೆಯುವ ಕಾಯಿಲೆ, ಜಗತ್ತಿನಲ್ಲಿ ಅಪರೂಪ. ನಮ್ಮ ಹಳೆ ಮೈಸೂರು ಸೀಮೆಯಲ್ಲಿ ಸಾಕಷ್ಟು ಕಾಣುತ್ತದೆ. ನಿಮ್ಹಾನ್ಸ್‌ನ ನರರೋಗ ತಜ್ಞರು ಇದನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಹೀಗಾಗಿ ಸ್ನಾನದ ಹೊತ್ತಿನಲ್ಲಿ ಒಬ್ಬರು ಬಿದ್ದು ಕೈಕಾಲು ಸೆಟೆದುಕೊಂಡರೆ ಮನೆಯವರಿಗೂ ಸ್ಥಳೀಯ ವೈದ್ಯರಿಗೂ ಮೊದಲು ಹೊಳೆಯುವುದು ಮೂರ್ಛೆರೋಗ. ಮಾತ್ರೆ ಬರೆಯುತ್ತಾರೆ, ರೋಗಿ ಮನೆಗೆ ಬರುತ್ತಾನೆ, ಮರುದಿನ ಅದೇ ಬಚ್ಚಲಿಗೆ, ಅದೇ ಗೀಸರಿನ ಕೆಳಗೆ ಸ್ನಾನಕ್ಕೆ ಹೋಗುತ್ತಾನೆ. ಭಾರತದ ನರರೋಗ ತಜ್ಞರು ಗ್ಯಾಸ್ ಗೀಸರಿನಿಂದ ಬರುವ ಮೂರ್ಛೆ ಮತ್ತು ಸೆಳೆತಗಳ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆಯುತ್ತಲೇ ಇದ್ದಾರೆ. ಆ ತಿಳಿವಳಿಕೆ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೂ ಬಂದು ಮುಟ್ಟಬೇಕು. ‘ಸ್ನಾನ ಮಾಡುವಾಗ ಬಿದ್ದರು’ ಎಂದು ಕೇಳಿದ ಕೂಡಲೇ ‘ಗೀಸರ್ ಗ್ಯಾಸಿನದೋ ಕರೆಂಟಿನದೋ, ಎಲ್ಲಿದೆ’ ಎಂದು ವೈದ್ಯರು ಕೇಳುವಂತಾಗಬೇಕು.

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಇವತ್ತು ಬಹಳ ಮನೆಗಳಲ್ಲಿದೆ. ಬಿದ್ದವರ ಬೆರಳಿಗೆ ಅದನ್ನು ಸಿಕ್ಕಿಸಿ, 98 ತೋರಿಸುತ್ತಿದೆ, ಆಮ್ಲಜನಕ ಸರಿಯಾಗಿದೆ ಎಂದು ಸುಮ್ಮನಾಗುವ ಸಾಧ್ಯತೆ ಬಹಳ. ಆ ಪುಟ್ಟ ಯಂತ್ರ ನೋಡುವುದು ರಕ್ತದ ಕೆಂಪನ್ನು. ಕಾರ್ಬನ್ ಮೊನಾಕ್ಸೈಡ್ ಹೊತ್ತ ರಕ್ತವೂ ಅದರ ಕಣ್ಣಿಗೆ ಆಮ್ಲಜನಕ ಹೊತ್ತ ರಕ್ತದಂತೆಯೇ ಕಾಣುತ್ತದೆ. ಸಾಯುತ್ತಿರುವವರ ಬೆರಳಿನಲ್ಲೂ ಅದು ಆರೋಗ್ಯವಂತರ ಅಂಕಿ ತೋರಿಸಬಹುದು. ಸರಿಯಾದ ಉತ್ತರ ಕೊಡುವುದು ಕೋ-ಆಕ್ಸಿಮೀಟರ್ ಮೂಲಕ ಮಾಡುವ ರಕ್ತಪರೀಕ್ಷೆ ಮಾತ್ರ. ಹೊರಗಿನ ಗಾಳಿಯಲ್ಲಿ ಮಲಗಿಸಿದರೆ ರಕ್ತದಲ್ಲಿನ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಮುಖವಾಡದ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಆದ್ದರಿಂದ ಎಚ್ಚರವಾದರೂ ಆಸ್ಪತ್ರೆಗೆ ಒಯ್ಯಲೇಬೇಕು. ಚೇತರಿಸಿಕೊಂಡಂತೆ ಕಂಡ ಕೆಲವರಲ್ಲಿ ದಿನಗಳೋ ವಾರಗಳೋ ಕಳೆದ ಮೇಲೆ ಮರೆವು, ನಡಿಗೆಯಲ್ಲಿ ತೊಡರು, ಸ್ವಭಾವದ ಬದಲಾವಣೆ ಕಾಣಿಸುವುದುಂಟು. ಬಾಗಿಲು ಒಡೆದು ಒಳನುಗ್ಗುವವರೂ ಅದೇ ಗಾಳಿ ಉಸಿರಾಡುತ್ತಾರೆ ಎಂಬುದು ನೆನಪಿರಲಿ. ಸಿಲಿಂಡರ್ ಹೊರಗಿದ್ದರೆ ಮೊದಲು ಅಲ್ಲೇ ಬಂದ್ ಮಾಡಿ, ಬಾಗಿಲು ಅಗಲ ತೆರೆದು, ಬಿದ್ದವರನ್ನು ಎಳೆದು ಹೊರಗೆ ತಂದು, 108ಕ್ಕೆ ಕರೆ ಮಾಡಬೇಕು.

ಜವಾಬ್ದಾರಿ ಯಾರದ್ದು ಎಂಬ ಪ್ರಶ್ನೆಗೆ ಬರೋಣ. ಸೋರಿಕೆ ಎಂದ ಕೂಡಲೇ ತಪ್ಪು ಒಂದು ಪೈಪಿನದ್ದೋ, ನಲ್ಲಿ ಸರಿಯಾಗಿ ಮುಚ್ಚದ ಮನೆಯವರದ್ದೋ ಆಗುತ್ತದೆ. ಪೊಲೀಸರು ಅಸಹಜ ಸಾವಿನ ಪ್ರಕರಣ ದಾಖಲಿಸುತ್ತಾರೆ, ಕಡತ ಮುಚ್ಚುತ್ತದೆ. ಗೋಡೆಗೆ ಆ ಗೀಸರನ್ನು ಮೊಳೆ ಹೊಡೆದು ಹಾಕಿದವರು ಯಾರು, ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ಓದಿ ಹೇಳಿದರೇ, ಬಾಡಿಗೆಗೆ ಕೊಟ್ಟವರಿಗೆ ಗೊತ್ತಿತ್ತೇ ಎಂದು ಕೇಳುವ ಹಾದಿಯೇ ಮುಚ್ಚಿಹೋಗುತ್ತದೆ. ಸಾವಿನ ಕಾರಣವನ್ನು ಸರಿಯಾಗಿ ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಒಂದು ಪ್ರಕರಣವಿದೆ. ಪಾಲೋಮಾ ಎಂಬ ಹೆಸರಾಂತ ಕಂಪನಿಯ ಕೆಲವು ಮಾದರಿಯ ಗೀಸರುಗಳಲ್ಲಿ, ಹೊಗೆ ಹೊರಹಾಕುವ ಫ್ಯಾನ್ ನಿಂತರೆ ಅನಿಲ ಕಡಿಯುವ ಸುರಕ್ಷಾ ಸಾಧನವಿತ್ತು. ರಿಪೇರಿಗೆ ಬಂದವರು ಗೀಸರ್ ಹೊತ್ತಿಕೊಳ್ಳಲಿ ಎಂದು ಆ ಸಾಧನದ ತಂತಿಯನ್ನು ಅಡ್ಡದಾರಿಯಲ್ಲಿ ಜೋಡಿಸಿ ಅದನ್ನು ನಿಷ್ಕ್ರಿಯ ಮಾಡಿದ್ದರು. 1985ರಿಂದ 2005ರವರೆಗೆ 28 ಅವಘಡ, 21 ಸಾವು. ಒಂದೊಂದೂ ಬೇರೆ ಬೇರೆ ಊರಿನಲ್ಲಿ, ಬಿಡಿ ಬಿಡಿಯಾಗಿ ನಡೆದದ್ದರಿಂದ ಇಪ್ಪತ್ತು ವರ್ಷ ಯಾರೂ ಕೂಡಿಸಿ ನೋಡಿರಲಿಲ್ಲ. ಸತ್ತ ಮಗನ ಮರಣದ ಕಾರಣವನ್ನು ಮತ್ತೆ ಕೆದಕಿ ಕೇಳಿದ ಒಂದು ಕುಟುಂಬದ ಹಟದಿಂದ 2006ರಲ್ಲಿ ಇದು ಬಯಲಾಯಿತು. ಗೃಹೋಪಯೋಗಿ ವಸ್ತುವಿನಿಂದ ಗಂಭೀರ ಅವಘಡವಾದರೆ ತಯಾರಕರು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಅಲ್ಲಿ ಕಾನೂನು ತಿದ್ದಿದರು. ಕಂಪನಿಯ ಮಾಜಿ ಅಧ್ಯಕ್ಷರಿಗೆ 2010ರಲ್ಲಿ ಟೋಕಿಯೋ ನ್ಯಾಯಾಲಯ ಶಿಕ್ಷೆ ವಿಧಿಸಿತು. ಜಪಾನಿನಲ್ಲಿ ಇವತ್ತು ಮನೆಯ ಗ್ಯಾಸ್ ಗೀಸರ್ ಸಾಮಾನ್ಯವಾಗಿ ತೂಗುವುದು ಹೊರಗೋಡೆಯ ಮೇಲೆ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರಿನಿಂದ, ಅಡುಗೆ ಒಲೆ ಬಿಟ್ಟು ಉಳಿದ ಯಾವುದೇ ಸ್ಥಿರವಾದ ಉರಿಯುವ ಸಾಧನವಿರುವ ಬಾಡಿಗೆ ಮನೆಯ ಕೋಣೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸುವುದು ಮಾಲೀಕನ ಕರ್ತವ್ಯ.

ಇದನ್ನೆಲ್ಲ ನಮ್ಮಲ್ಲಿ ತರಹೊರಟರೆ ಬಡವರಿಗೆ ಹೊರೆ ಎಂಬ ಆಕ್ಷೇಪ ಬರುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಸೋಲಾರ್ ಇರುವುದು ಮಾಲೀಕರ ಮಹಡಿಗೆ. ಕೆಳಗಿನ ಸಣ್ಣ ಬಾಡಿಗೆ ಮನೆಗೆ ಅದರ ಪೈಪು ಇಳಿಯುವುದಿಲ್ಲ. ವಿದ್ಯುತ್ ಗೀಸರ್ ಹಾಕಿದರೆ ಬಿಲ್ಲು ಏರುತ್ತದೆ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ ಯೂನಿಟ್ಟಿನ ಲೆಕ್ಕ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿರುವುದರಿಂದ, ಇದುವರೆಗೆ ಗ್ಯಾಸಿನಲ್ಲಿ ನೀರು ಕಾಯಿಸಿಕೊಂಡ ಸಂಸಾರಕ್ಕೆ ಅಲ್ಲಿಯೂ ಸಡಿಲ ಕಡಿಮೆ. ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡಿನಿಂದ ಶಾಕ್ ಹೊಡೆದು ಸತ್ತವರೂ ಇದ್ದಾರೆ. ಗ್ಯಾಸ್ ಗೀಸರನ್ನೇ ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಅದು ಒಳ್ಳೆಯ ಯಂತ್ರ, ಇರಬೇಕಾದ ಜಾಗ ಹೊರಗೆ. ಬಚ್ಚಲಿನ ಗೋಡೆಯ ಆಚೆ, ಬಾಲ್ಕನಿಯಲ್ಲಿ, ಬಟ್ಟೆ ಒಗೆಯುವ ತೆರೆದ ಜಾಗದಲ್ಲಿ ಅದನ್ನು ತೂಗುಹಾಕಿ, ಗೋಡೆಗೆ ಒಂದು ತೂತು ಕೊರೆದು ಬಿಸಿನೀರಿನ ಪೈಪನ್ನಷ್ಟೇ ಒಳಗೆ ತಂದರೆ ಬೆಂಕಿಗೆ ಬೇಕಾದ ಗಾಳಿ ಹೊರಗಿನಿಂದ, ಅದರ ಹೊಗೆ ಹೊರಕ್ಕೆ. ಕೆಲವು ಅಡಿ ಪೈಪು, ಪ್ಲಂಬರಿನ ಅರ್ಧ ದಿನದ ಕೂಲಿ. ಅಂಥ ಜಾಗವೇ ಇಲ್ಲದ ಮನೆಗೆ ಗ್ಯಾಸ್ ಗೀಸರ್ ಸಲ್ಲದು. ಅಲ್ಲಿ ಅಡುಗೆಮನೆಯ ಒಲೆಯ ಮೇಲೆ ನೀರು ಕಾಯಿಸಿ ಬಕೆಟ್ಟಿನಲ್ಲಿ ಒಯ್ಯುವುದು, ತೊಡಕಾದರೂ, ಪ್ರಾಣಕ್ಕೆ ಕ್ಷೇಮ.

ಸರ್ಕಾರ ಮಾಡಬೇಕಾದದ್ದೂ ದೊಡ್ಡ ಖರ್ಚಿನದ್ದಲ್ಲ. ಈ ಗೀಸರುಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 15558 ಎಂಬ ಮಾನದಂಡವಿದೆ. ಆದರೆ ಯಂತ್ರ ಎಷ್ಟು ಒಳ್ಳೆಯದಾಗಿದ್ದರೂ ಅದನ್ನು ಮುಚ್ಚಿದ ಗೂಡಿನಲ್ಲಿ ಜೋಡಿಸಿದರೆ ಮಾನದಂಡ ಕಾಪಾಡದು. ಜೋಡಿಸುವ ಜಾಗವನ್ನು ಮಾರಾಟದ ಷರತ್ತಾಗಿಸಬೇಕು: ಎಲ್ಲಿ ಜೋಡಿಸಲಾಯಿತು ಎಂದು ಜೋಡಿಸಿದವರು ಸಹಿ ಹಾಕಿದ ಚೀಟಿ ಇಲ್ಲದೆ ವಾರಂಟಿ ಇಲ್ಲ ಎನ್ನಬೇಕು. ಸಿಲಿಂಡರ್ ವಿತರಕರ ಕಡೆಯಿಂದ ಮೆಕ್ಯಾನಿಕ್ ಆಗಾಗ ಮನೆಗೆ ಬಂದು ಟ್ಯೂಬು, ರೆಗ್ಯುಲೇಟರು, ಒಲೆ ತಪಾಸಣೆ ಮಾಡುತ್ತಾರೆ. ಅವರ ನಮೂನೆಗೆ ಇನ್ನೊಂದೇ ಸಾಲು ಸೇರಿಸಿದರೆ ಸಾಕು: ಈ ಮನೆಯಲ್ಲಿ ಗ್ಯಾಸ್ ಗೀಸರ್ ಇದೆಯೇ, ಇದ್ದರೆ ಬಚ್ಚಲಿನ ಒಳಗೋ ಹೊರಗೋ? ಬಚ್ಚಲಿನಲ್ಲಿ ಸಂಭವಿಸಿದ ಪ್ರತಿ ಅಸಹಜ ಸಾವಿನಲ್ಲೂ ರಕ್ತದ ಕಾರ್ಬನ್ ಮೊನಾಕ್ಸೈಡ್ ಮಟ್ಟ ಪರೀಕ್ಷಿಸಿ, ಹಾಗೆ ಸತ್ತವರನ್ನು ಪ್ರತ್ಯೇಕವಾಗಿ ಎಣಿಸಿ ಪ್ರತಿ ವರ್ಷ ಪ್ರಕಟಿಸಬೇಕು. ಬಾಡಿಗೆ ಕರಾರಿನಲ್ಲಿ ಬಣ್ಣ ಬಳಿಯುವ ಖರ್ಚಿನ ಬಗ್ಗೆ ಒಂದು ಕಲಮು ಇರುತ್ತದೆ. ಗೀಸರ್ ಹೊರಗಿದೆ ಎಂಬುದಕ್ಕೂ ಒಂದು ಕಲಮು ಇರಲಿ.

ಕೊನೆಗೆ ಸುದ್ದಿ ಬರೆಯುವ ಮಿತ್ರರಲ್ಲಿ ಒಂದು ಕೋರಿಕೆ. ಇನ್ನೊಂದು ಬಾರಿ ಇಂಥ ಮನೆಯ ಮುಂದೆ ನಿಂತಾಗ ಗೀಸರ್ ಎಲ್ಲಿತ್ತು, ವೆಂಟಿಲೇಟರ್ ತೆರೆದಿತ್ತೇ, ಜೋಡಿಸಿದವರು ಯಾರು ಎಂದು ಕೇಳಿ ಬರೆಯಿರಿ. ಅನಿಲ ಸೋರದೆ ಇದ್ದರೆ ಸೋರಿತೆಂದು ಬರೆಯಬೇಡಿ. ಮುಚ್ಚಿದ ಬಚ್ಚಲಲ್ಲಿ ಉರಿದ ಗೀಸರಿನ ಕಾರ್ಬನ್ ಮೊನಾಕ್ಸೈಡ್‌ನಿಂದ ಸಾವು ಎಂದು ಬರೆಯಿರಿ. ತಲೆಬರಹ ಉದ್ದವಾಗುತ್ತದೆ, ನಿಜ. ಓದಿದವರು ಎದ್ದು ಹೋಗಿ ತಮ್ಮ ಬಚ್ಚಲಿನ ಕಿಟಕಿಯನ್ನಾದರೂ ತೆರೆಯುತ್ತಾರೆ.